ಹುಟ್ಟಿನ ಗುರುತು

ದಸರೆಗೆ ಇನ್ನೂ ಮೂರು ವಾರವಿತ್ತು. ಅರಮನೆಯಿಂದ ಬನ್ನಿಮಂಟಪಕ್ಕೆ ಆನೆಗಳ ತಾಲೀಮು ನಡೆಯುತ್ತಿದ್ದ ದಿನಗಳು. ಬೆಳಿಗ್ಗೆ ಹೈವೇ ಸರ್ಕಲ್ ಹತ್ತಿರ ನಿಂತು ಆನೆ ನೋಡಿ ಬಂದ ಕೆಳಗಿನ ಮನೆಯ ಹುಡುಗ ನೇರವಾಗಿ ನಮ್ಮ ಮನೆಯ ಮೆಟ್ಟಿಲು ಹತ್ತಿದ. ಆನೆಯ ಸುದ್ದಿ ಹೇಳಲು ಬಂದನೇನೋ ಅಂದುಕೊಂಡೆ. ಅವನ ಕೈಯಲ್ಲಿ ಪ್ಲಾಸ್ಟಿಕ್ ಮಗ್ ಇತ್ತು. ಅದರಲ್ಲೊಂದು ಗೋಲ್ಡ್ ಫಿಶ್, ಒಂದೇ ಕಡೆಗೆ ವಾಲಿಕೊಂಡು ಉಸಿರಾಡುತ್ತಿತ್ತು.

“ಅಜ್ಜಿ, ಇದರ ಮೈಯಿಂದ ದಾರ ಬರ್ತಿದೆ. ಒಂದನ್ನ ಎಳೆದೆ, ತುಂಡಾಗೋಯ್ತು. ಇನ್ನೊಂದಿದೆ ನೋಡಿ.”

ನೋಡಿದೆ. ಬೆನ್ನಿನ ರೆಕ್ಕೆಯ ಬುಡದಲ್ಲಿ ಹುರುಪೆಗಳ ನಡುವೆ ಕೆಂಪಗೆ ಊದಿದ ಜಾಗ, ಅಲ್ಲಿಂದ ಹೊರಗೆ ಜೋತುಬಿದ್ದ ಬಿಳಿಯ ಎಳೆ. ಎಳೆಯ ತುದಿ ಕವಲೊಡೆದು ಎರಡು ಪುಟ್ಟ ಚೀಲಗಳಾಗಿತ್ತು. ಮೂವತ್ತು ವರ್ಷ ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳು ನಾನು. ಈ ಎಳೆಯ ಹೆಸರು ಗೊತ್ತಿತ್ತು. ಮೀನು ಸಾಕುವವರು ಇದನ್ನು ಆಂಕರ್ ವರ್ಮ್ ಎನ್ನುತ್ತಾರೆ, ಲಂಗರು ಹುಳು. ಲಂಗರು ನಿಜ. ಹುಳು ಮಾತ್ರ ಸುಳ್ಳು. ಹುಡುಗ ದಾರ ಎಂದದ್ದಕ್ಕೂ ಲೋಕ ಹುಳು ಎಂದದ್ದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಅದು ಸೀಗಡಿ, ಏಡಿಗಳ ಬಳಗದ್ದು.

ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಎಳೆ ಚರ್ಮವನ್ನು ಸೇರುವ ಜಾಗದಲ್ಲೇ ಚಿಮಟದಿಂದ ಹಿಡಿದು ನಿಧಾನವಾಗಿ ಎಳೆದೆ. ಈ ಸಲ ಬುಡಸಮೇತ ಬಂತು. ಮೊಟ್ಟೆಚೀಲಗಳನ್ನು ಬಿಡಿಸಿ ಒಂದು ಗಾಜಿನ ಲೋಟದ ನೀರಿಗೆ ಹಾಕಿ ಕಿಟಕಿಯ ಹತ್ತಿರ ಇಟ್ಟೆ. ಉಳಿದ ಮೈಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಡುಗನನ್ನು ಕುರ್ಚಿಯ ಮೇಲೆ ನಿಲ್ಲಿಸಿದೆ.

ಲರ್ನಿಯಾ ಸಿಪ್ರಿನೇಸಿಯಾ. 1758ರಲ್ಲಿ ಲಿನೇಯಸ್ ಇಟ್ಟ ಹೆಸರು. ಗ್ರೀಕ್ ಪುರಾಣದಲ್ಲಿ ಬಹುತಲೆಯ ಸರ್ಪವೊಂದು ವಾಸವಾಗಿದ್ದ ಜೌಗಿನ ಹೆಸರು ಲೆರ್ನಾ. ಕೊಂಬುಕೊಂಬಾದ ಈ ತಲೆಯನ್ನು ಕಂಡವರಿಗೆ ಆ ನೆನಪು ಬಂದರೆ ಆಶ್ಚರ್ಯವಿಲ್ಲ. ಮೀನಿನ ಮಾಂಸದೊಳಗೆ ಹುಗಿದಿದ್ದ ಭಾಗದಲ್ಲಿ ನಾಲ್ಕು ಕೊಂಬುಗಳಿದ್ದವು. ಎರಡು ನೆಟ್ಟಗೆ, ಇನ್ನೆರಡು ಜಿಂಕೆಯ ಕೊಂಬಿನಂತೆ ಕವಲಾಗಿ. ಕೊಂಬುಗಳ ನಡುವೆ ಸಣ್ಣದೊಂದು ಗುಬುಟು. ಅದೇ ನಿಜವಾದ ತಲೆ, ಬಾಯಿ ಇರುವುದು ಅಲ್ಲಿ. ಅದರಿಂದಾಚೆಗೆ ಬರೀ ಕೊಳವೆ: ಒಂದು ನೇರ ಕರುಳು, ಹಿಂಬದಿಯಲ್ಲಿ ಮೊಟ್ಟೆ ತಯಾರಾಗುವ ಅಂಗಗಳು. ಹೃದಯವಿಲ್ಲ. ಕರುಳಿನ ಮಿಸುಕಾಟಕ್ಕೇ ಮೈಯೊಳಗಿನ ದ್ರವ ಅತ್ತಿತ್ತ ಸಾಗುತ್ತದೆ. ಉಸಿರಾಟಕ್ಕೆಂದು ಬೇರೆ ಅಂಗವಿಲ್ಲ, ತೆಳುವಾದ ಚರ್ಮವೇ ಸಾಕು.

ಇಷ್ಟು ನೋಡಿದವರು ಇದನ್ನು ಹುಳು ಎಂದರೆ ತಪ್ಪು ಹೊರಿಸಲಾರೆ. ಲಿನೇಯಸನೇ ಇದನ್ನು ಹುಳುಗಳ ಗುಂಪಿನಲ್ಲಿಟ್ಟಿದ್ದ. ಮುಂದಿನ ಎಪ್ಪತ್ತು ವರ್ಷ ವಿದ್ವಾಂಸರು ಇದನ್ನು ಆ ಗುಂಪಿನಿಂದ ಈ ಗುಂಪಿಗೆ ಸಾಗಿಸುತ್ತಲೇ ಇದ್ದರು.

ಆದರೆ ಹುಡುಗನಿಗೆ ತೋರಿಸಬೇಕೆಂದಿದ್ದ ಗುರುತು ಬೇರೆಯೇ ಇತ್ತು. ಬೆಳಕನ್ನು ಓರೆ ಮಾಡಿ, ಆ ಉದ್ದನೆಯ ಕೊಳವೆಯ ಹೊಟ್ಟೆಯ ಕಡೆಯನ್ನು ಮೆಲ್ಲಗೆ ಸರಿಸಿದೆ. ಅಲ್ಲೊಂದು, ಅಷ್ಟು ದೂರದಲ್ಲಿ ಇನ್ನೊಂದು, ಮತ್ತೂ ದೂರದಲ್ಲಿ ಮತ್ತೊಂದು, ಧೂಳಿನ ಕಣದಂಥ ಜೋಡಿ ಚುಕ್ಕೆಗಳು. ದೊಡ್ಡದು ಮಾಡಿ ನೋಡಿದರೆ ಅವು ಕಾಲುಗಳು. ಪ್ರತಿ ಕಾಲಿಗೂ ಎರಡು ಕವಲು, ಕವಲಿನ ಅಂಚಿಗೆ ಕೂದಲ ಸಾಲು. ಎಡಗಾಲು ಬಲಗಾಲನ್ನು ಸೇರಿಸುವ ಒಂದು ಅಡ್ಡಪಟ್ಟಿ.

ಈ ಅಡ್ಡಪಟ್ಟಿಯಲ್ಲೇ ಇದರ ಕುಲದ ಗುರುತಿದೆ. ಕೋಪೆಪಾಡ್ ಎಂಬ ಗುಂಪಿನ ಜೀವಿಗಳು, ಹತ್ತು ಸಾವಿರಕ್ಕೂ ಮೀರಿದ ಬಗೆಗಳು, ಕೆರೆಯಿಂದ ಸಾಗರದ ತಳದವರೆಗೆ ಹರಡಿವೆ. ಅವುಗಳ ಈಜುಗಾಲುಗಳು ಜೋಡಿಜೋಡಿಯಾಗಿ ಹೀಗೆ ಪಟ್ಟಿಯಿಂದ ಬಿಗಿದುಕೊಂಡಿರುತ್ತವೆ. ಅದರಿಂದಾಗಿ ಎಡ ಬಲ ಎರಡೂ ಒಟ್ಟಿಗೇ ಬೀಸುತ್ತವೆ, ಒಂದೇ ಕೋಲಿಗೆ ಕಟ್ಟಿದ ಎರಡು ಹುಟ್ಟುಗಳಂತೆ. ಗ್ರೀಕಿನಲ್ಲಿ ಕೋಪೆಪಾಡ್ ಎಂದರೆ ಹುಟ್ಟುಗಾಲಿನದು ಎಂದೇ ಅರ್ಥ. ಆ ಹೆಸರಿಟ್ಟವರಿಗೆ ನಮ್ಮ ಭಾಷೆಯ ಒಂದು ಭಾಗ್ಯ ಇರಲಿಲ್ಲ. ಕನ್ನಡದಲ್ಲಿ ದೋಣಿ ನಡೆಸುವ ಕೋಲೂ ಹುಟ್ಟು, ಜನ್ಮವೂ ಹುಟ್ಟು. ಈ ಜೀವಿಯ ಮಟ್ಟಿಗೆ ಆ ಎರಡು ಅರ್ಥವನ್ನು ಬೇರೆ ಮಾಡುವುದೇ ಕಷ್ಟ.

ಮೀನಿಗೆ ಕಚ್ಚಿಕೊಂಡ ಹೆಣ್ಣು ಉದ್ದಕ್ಕೆ ಬೆಳೆಯುತ್ತಾ ಹೋಗುತ್ತದೆ, ಅದರ ಕಾಲುಗಳು ಬೆಳೆಯುವುದಿಲ್ಲ. ಎಳೆಯ ವಯಸ್ಸಿನಲ್ಲಿ ಈಜಾಡುತ್ತಿದ್ದಾಗ ಎಷ್ಟಿದ್ದವೋ ಅಷ್ಟೇ ಗಾತ್ರದಲ್ಲಿ ನಿಂತು, ಹಿಗ್ಗುವ ಮೈ ಅವನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ಇಷ್ಟು ದೊಡ್ಡ ಮೈಯ ಮೇಲೆ ಅಷ್ಟು ಚಿಕ್ಕ ಕಾಲು. ಮಗುವಿನ ಕಾಲಿನ ಗೆಜ್ಜೆಯನ್ನು ಅಮ್ಮಂದಿರು ಎತ್ತಿಟ್ಟಿರುತ್ತಾರಲ್ಲ, ನನಗೆ ಆ ನೆನಪು ಬಂತು. ಈ ತಾಯಿ ತನ್ನ ಮೈಯ ಮೇಲೇ ತನ್ನ ಬಾಲ್ಯವನ್ನು ಇಟ್ಟುಕೊಂಡಿದೆ.

“ಗಂಡು ಎಲ್ಲಿ?” ಅಂದ ಹುಡುಗ.

ಗಂಡು ಈ ರೂಪಕ್ಕೆ ಬರುವುದೇ ಇಲ್ಲ. ಎಳೆಯ ಈಜುಗಾರನಾಗಿದ್ದಾಗಲೇ ಹೆಣ್ಣನ್ನು ಕೂಡಿ ಸಾಯುತ್ತದೆ. ಹೆಣ್ಣು ಆ ಬೀಜವನ್ನು ಮೈಯಲ್ಲಿ ಕಾಪಾಡಿಟ್ಟುಕೊಂಡು ಮೀನಿನ ಚರ್ಮ ಕೊರೆದು ಒಳಹೊಕ್ಕು, ಉಳಿದ ದಿನವೆಲ್ಲ ಮೊಟ್ಟೆ ಇಡುತ್ತದೆ. ಒಂದೊಂದು ಸಲಕ್ಕೂ ಚೀಲದ ತುಂಬ ನೂರಾರು.

ಆಮೇಲೆ ಅವನು ಕೇಳಿದ ಪ್ರಶ್ನೆಗೆ ತಡೆದು ಉತ್ತರ ಕೊಟ್ಟೆ. “ಇದು ನಮಗೂ ಬರುತ್ತಾ ಅಜ್ಜಿ?”

ಇದು ಬರುವುದಿಲ್ಲ. ಆದರೆ ಇದರ ಬಳಗದ ಒಬ್ಬರು ಕರ್ನಾಟಕದ ಮನೆಮನೆಯ ಸಂಕಟಕ್ಕೆ ದಾರಿಯಾಗಿದ್ದರು. ನಾರುಹುಣ್ಣು ಎಂಬ ಮಾತು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದು ದೊಡ್ಡ ಸಂತೋಷದ ವಿಷಯ. ಉತ್ತರ ಕರ್ನಾಟಕದಲ್ಲಿ ಮೆಟ್ಟಿಲು ಬಾವಿಗಿಳಿದು ಕುಡಿಯುವ ನೀರು ತರುತ್ತಿದ್ದ ಊರುಗಳ ಹಿರಿಯರಿಗೆ ಗೊತ್ತಿದೆ. ಕಾಲಿನಲ್ಲಿ ಬೊಬ್ಬೆಯೆದ್ದು ಒಡೆದು, ಅಲ್ಲಿಂದ ಬಿಳಿಯ ನಾರಿನಂಥ ಹುಳು ತಲೆ ಹಾಕುತ್ತಿತ್ತು. ಅದು ನಿಜವಾದ ಹುಳು, ಅರವತ್ತು ಸೆಂಟಿಮೀಟರಿನಿಂದ ಒಂದು ಮೀಟರ್‌ವರೆಗೆ ಉದ್ದ. ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಎಳೆಯಬೇಕು, ಅವಸರಿಸಿದರೆ ಒಳಗೇ ತುಂಡಾಗುತ್ತದೆ. ಉರಿ ತಾಳದೆ ಕಾಲನ್ನು ಬಾವಿಯ ನೀರಿಗಿಟ್ಟರೆ ಹುಳು ತನ್ನ ಮರಿಗಳನ್ನು ನೀರಿಗೆ ಚೆಲ್ಲುತ್ತಿತ್ತು. ಆ ಮರಿಗಳನ್ನು ನುಂಗುತ್ತಿದ್ದದ್ದು ಸೈಕ್ಲಾಪ್ಸ್, ಪರಾವಲಂಬಿಯಲ್ಲದ, ತನ್ನ ಪಾಡಿಗೆ ತಾನು ಈಜಿಕೊಂಡಿರುವ ಕೋಪೆಪಾಡ್. ಅದು ಸೇರಿದ ನೀರನ್ನು ಕುಡಿದವನ ಕಾಲಿನಲ್ಲಿ ಸುಮಾರು ಒಂದು ವರ್ಷಕ್ಕೆ ಮತ್ತೆ ಬೊಬ್ಬೆ. ಈ ನಡುವಿನ ಕೊಂಡಿಯನ್ನು 1870ರಲ್ಲಿ ಕಂಡುಹಿಡಿದವರು ರಷ್ಯದ ಅಲೆಕ್ಸಿ ಫೆಡ್ಚೆಂಕೊ.

ಕೊಂಡಿ ಗೊತ್ತಾದ ಮೇಲೆ ಮದ್ದು ಸುಲಭವಾಗಿತ್ತು. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿದರೆ ಸಾಕು, ಸೈಕ್ಲಾಪ್ಸ್ ಮೇಲೆಯೇ ಉಳಿಯುತ್ತದೆ. ಅಷ್ಟು ಸುಲಭದ ಕೆಲಸ ಎಲ್ಲ ಊರಿಗೂ ತಲುಪಲು ನೂರು ವರ್ಷ ದಾಟಿದ್ದು ನೋವಿನ ಮಾತು. ಭಾರತದಲ್ಲಿ ನಿರ್ಮೂಲನ ಕಾರ್ಯಕ್ರಮ ಶುರುವಾದದ್ದು 1983-84ರ ಸುಮಾರಿಗೆ. ಬಾವಿಗಳಿಗೆ ಔಷಧಿ ಹಾಕಿದರು, ಮೆಟ್ಟಿಲು ಮುಚ್ಚಿ ರಾಟೆ ಹಾಕಿದರು, ಕೊಳವೆ ಬಾವಿ ತೋಡಿದರು, ಸೋಸುವ ಬಟ್ಟೆ ಹಂಚಿದರು. ಕೊನೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ದೇಶ ಇದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಬೀದಿಯಲ್ಲಿ ಬೆಳಗಾದರೆ ಬಿಳಿ ಕೋಟು ತೋಳಿಗೆ ಹಾಕಿಕೊಂಡು ವೈದ್ಯಕೀಯ ಕಾಲೇಜಿನ ಮಕ್ಕಳು ಹೋಗುತ್ತಿರುತ್ತಾರೆ. ಈ ರೋಗ ಅವರಿಗೆ ಪುಸ್ತಕದ ಪುಟ ಮಾತ್ರ. ಹಾಗೇ ಇರಲಿ.

ನಾನು ಹುಡುಗನಿಗೆ ಹೇಳದೆ ನನ್ನೊಳಗೇ ಇಟ್ಟುಕೊಂಡದ್ದು ಸಮುದ್ರದ ಸಂಗತಿ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಸಿಗುತ್ತದೆ, ದಡದಿಂದ ಹತ್ತೊಂಬತ್ತು ಕಿಲೋಮೀಟರ್ ಆಚೆಗೆ. ನಮ್ಮ ರಾಜ್ಯದಲ್ಲಿ ಹವಳವನ್ನೂ ಹವಳದ ಬಂಡೆಯ ಬಣ್ಣಬಣ್ಣದ ಮೀನುಗಳನ್ನೂ ನೋಡಲು ಜನ ನೀರಿಗಿಳಿಯುವ ಜಾಗ. ಚಿಟ್ಟೆಮೀನು, ಗಿಳಿಮೀನುಗಳ ಫೋಟೋ ಎಲ್ಲರೂ ತರುತ್ತಾರೆ. ಹವಳದ ಮೀನಿನ ಕಿವಿರು ತೆರೆದು ನೋಡಿದರೆ ಅಲ್ಲೂ ಇನ್ನೊಂದು ಲೋಕವಿರುತ್ತದೆ. ಹ್ಯಾಟ್‌ಶೆಕಿಯಾ ಎಂಬ ಕುಲದ ಕೋಪೆಪಾಡ್‌ಗಳು ಒಂದೆರಡು ಮಿಲಿಮೀಟರ್ ಉದ್ದ, ಅಕ್ಕಿಯ ನುಚ್ಚಿಗಿಂತ ಸಣ್ಣವು, ಕಿವಿರಿನ ಎಳೆಗಳಿಗೆ ಕೊಕ್ಕೆ ಸಿಕ್ಕಿಸಿಕೊಂಡು ಬದುಕುತ್ತವೆ. ಅವುಗಳ ಹುಟ್ಟುಗಾಲುಗಳಲ್ಲಿ ಸರಿಯಾಗಿ ಉಳಿದಿರುವುದು ಎರಡೇ ಜೊತೆ. ಮೀನಿನ ಮೈಮೇಲೆ ಓಡಾಡುವ ಕ್ಯಾಲಿಗಸ್ ಇನ್ನೊಂದು ಬಗೆ. ಅದರ ಕಟ್ಟಡವನ್ನು ನೆನೆದಾಗೆಲ್ಲ ನನಗೆ ಗೌರವ ಉಕ್ಕುತ್ತದೆ. ಮುಂಭಾಗ ಚಪ್ಪಟೆಯಾದ ಗುರಾಣಿ. ಗುರಾಣಿಯ ಸುತ್ತ ಅಂಚಿಗೆ ತೆಳುವಾದ ಪೊರೆ. ಹಿಂದೆ ತೆರೆದಿರಬೇಕಾದ ಜಾಗವನ್ನು ಮೂರನೆಯ ಜೊತೆ ಕಾಲುಗಳು ಅಗಲವಾಗಿ ಬೆಸೆದು ಬಾಗಿಲಿನಂತೆ ಮುಚ್ಚುತ್ತವೆ. ಹೀಗೆ ಇಡೀ ಮೈ ಒಂದು ಬಟ್ಟಲಾಗಿ ಮೀನಿಗೆ ಅಂಟುತ್ತದೆ, ನೀರು ಎಷ್ಟು ರಭಸವಾಗಿ ಹರಿದರೂ ಜಾರುವುದಿಲ್ಲ. ಬಾಯಿ ನಳಿಗೆಯಂತೆ ಮುಂದೆ ಚಾಚಿದೆ. ನಳಿಗೆಯೊಳಗೆ ಕಡ್ಡಿಯಂಥ ಎರಡು ದವಡೆ, ತುದಿಯಲ್ಲಿ ಗರಗಸದ ಹಲ್ಲು. ತೆಂಗಿನಕಾಯಿ ತುರಿಯುವ ಈಳಿಗೆಯ ಹಾಗೆ ಅದು ಮೀನಿನ ಚರ್ಮವನ್ನು ತುರಿದು ತಿನ್ನುತ್ತದೆ.

ಕಾಲಾಗಿದ್ದದ್ದು ಬಾಗಿಲಾಗಿದೆ. ಈಜಲು ಇದ್ದ ಅಂಗ ಅಂಟಲು ಬಂದಿದೆ. ಪರಾವಲಂಬಿ ಅಂದರೆ ಅಂಗಗಳನ್ನು ಕಳೆದುಕೊಂಡು ಕೆಳಗಿಳಿದ ಜೀವ ಎಂದು ಹಳೆಯ ಪಠ್ಯಗಳಲ್ಲಿ ಓದಿ, ಮೊದಲ ಕೆಲವು ವರ್ಷ ನಾನೂ ಹಾಗೆಯೇ ಪಾಠ ಹೇಳಿದ್ದೆ. ಅದು ತಪ್ಪು ಎಂದು ಈಗ ಗಟ್ಟಿಯಾಗಿ ಹೇಳಬಲ್ಲೆ. ಈ ಮೈಯಲ್ಲಿ ಕಳೆದದ್ದಕ್ಕಿಂತ ಕೆಲಸ ಬದಲಿಸಿದ್ದೇ ಹೆಚ್ಚು.

ಬಂಡೆಯ ಮೀನುಗಳೂ ಸುಮ್ಮನಿರುವುದಿಲ್ಲ. ನೀಲಿ ಪಟ್ಟೆಯ ಪುಟ್ಟ ಕ್ಲೀನರ್ ಮೀನಿನ ಹತ್ತಿರ ಹೋಗಿ ಬಾಯಿ ಕಿವಿರು ತೆರೆದು ನಿಲ್ಲುತ್ತವೆ, ಅದು ಮೈ ಪೂರ್ತಿ ಆಯ್ದು ಶುಚಿ ಮಾಡುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಲೆಕ್ಕ ಹಾಕಿದಾಗ, ಅಂಥ ಒಂದು ಮೀನು ದಿನಕ್ಕೆ ಸುಮಾರು 1200 ಪರಾವಲಂಬಿಗಳನ್ನು ತಿನ್ನುತ್ತದೆಂದು 1996ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಹೆಚ್ಚಿನವು ಸೀಗಡಿ, ಏಡಿಗಳ ಬಳಗದ್ದೇ ಇನ್ನೊಂದು ಗುಂಪಿನ ಮರಿಗಳು, ಜೊತೆಗೆ ಕೋಪೆಪಾಡ್‌ಗಳೂ ಇರುತ್ತವೆ.

ಇಷ್ಟು ಚಿಕ್ಕದರ ಅಂಗ ಬಿಡಿಸುವವರ ಕೈ ಎಂಥದಿರಬೇಕು! ಜೀವಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ಇಟ್ಟು ಪಾರದರ್ಶಕ ಮಾಡಿ, ತೂತಿರುವ ಮರದ ಪಟ್ಟಿಯ ಕೆಳಗೆ ಗಾಜಿನ ಚೂರಿಗೆ ಅಂಟಿದ ಒಂದೇ ಹನಿಯಲ್ಲಿ ತೇಲಿಸಿ ನೋಡುವ ವಿಧಾನವನ್ನು ಹ್ಯೂಮ್ಸ್ ಮತ್ತು ಗುಡಿಂಗ್ 1964ರಲ್ಲಿ ಬರೆದಿಟ್ಟರು. ಇವತ್ತಿಗೂ ಅದೇ ದಾರಿ. ಸೂಜಿಯ ಮೊನೆಯಿಂದ ಒಂದೊಂದೇ ಕಾಲು ಬಿಡಿಸಿ, ಪ್ರತಿ ಗೆಣ್ಣಿನ ಮೇಲಿನ ಮುಳ್ಳನ್ನು ಕೂದಲನ್ನು ಎಣಿಸುತ್ತಾರೆ. ಮುಳ್ಳಿನ ಲೆಕ್ಕ ರೋಮನ್ ಅಂಕಿಯಲ್ಲಿ, ಕೂದಲಿನದು ಸಾಮಾನ್ಯ ಅಂಕಿಯಲ್ಲಿ. ಒಂದು ಮುಳ್ಳು ಹೆಚ್ಚು ಕಡಿಮೆಯಾದರೆ ಅದು ಬೇರೆಯೇ ಜಾತಿಯಾಗಿರಬಹುದು. ಕೇರಳದ ಎನ್. ಕೃಷ್ಣ ಪಿಳ್ಳೈ ಈ ಕೆಲಸಕ್ಕೆ ಆಯುಷ್ಯ ಕೊಟ್ಟವರು. ನಮ್ಮ ಕಡಲಿನ ಮೀನುಗಳ ಮೇಲಿನ ಕೋಪೆಪಾಡ್‌ಗಳ ಬಗ್ಗೆ ಅವರು ಬರೆದ ಸುಮಾರು 900 ಪುಟದ ಗ್ರಂಥವನ್ನು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ 1985ರಲ್ಲಿ ಹೊರತಂದಿತು. ಕಾರವಾರ, ಮಲ್ಪೆ, ಮಂಗಳೂರಿನ ದಕ್ಕೆಯಲ್ಲಿ ನಿಂತು ಕಿವಿರು ಬಿಡಿಸಿ ನೋಡುವ ವಿದ್ಯಾರ್ಥಿ ಇವತ್ತೂ ಮೊದಲು ತೆರೆಯಬೇಕಾದ ಪುಸ್ತಕ ಅದು. ಅಂಥ ಕೆಲಸಕ್ಕೆ ಸನ್ಮಾನ, ಸುದ್ದಿ ಎರಡೂ ಕಡಿಮೆ. ನನಗೆ ಅವರ ಮೇಲಿರುವುದು ಭಕ್ತಿಯೇ.

ಮೂರನೆಯ ದಿನ ಬೆಳಿಗ್ಗೆ ಕಿಟಕಿಯ ಲೋಟದೊಳಗೆ ಬೆಳಕಿನಲ್ಲಿ ಏನೋ ಮಿಣುಕಿದ ಹಾಗೆ ಕಂಡಿತು. ಹುಡುಗ ಶಾಲೆಯ ಯೂನಿಫಾರ್ಮಿನಲ್ಲೇ ಓಡಿಬಂದ. ಹನಿಯೊಂದನ್ನು ಗಾಜಿನ ಮೇಲಿಟ್ಟೆವು.

ಇಲ್ಲಿ ಅರ್ಧ ನಿಮಿಷ ಬನ್ನಿಮಂಟಪದ ಮಾತು ಹೇಳಲೇಬೇಕು. ವಿಜಯದಶಮಿಯ ದಿನ ಜಂಬೂಸವಾರಿ ಈ ಕಡೆಗೇ ಬರುವುದು ಬನ್ನಿಮರದ ನೆಪದಲ್ಲಿ. ವಿರಾಟನಗರದಲ್ಲಿ ಪಾಂಡವರು ಬೇರೆಬೇರೆ ವೇಷದಲ್ಲಿ ವರ್ಷ ಕಳೆದರು. ಬೃಹನ್ನಳೆಯನ್ನು ದಿನವೂ ನೋಡುತ್ತಿದ್ದ ಉತ್ತರಕುಮಾರನಿಗೆ ಅವಳು ಯಾರೆಂದು ತಿಳಿಯಲಿಲ್ಲ. ಬನ್ನಿಮರ ಹತ್ತಿ, ಹೆಣದಂತೆ ಸುತ್ತಿ ಕಟ್ಟಿದ್ದ ಆಯುಧಗಳನ್ನು ಇಳಿಸಿ ಬಿಚ್ಚಿದ ಮೇಲೆಯೇ ತಿಳಿದದ್ದು. ಈ ಜೀವಿಯ ಅಜ್ಞಾತವಾಸ ಮುಗಿದದ್ದೂ ಹಾಗೆಯೇ. 1832ರಲ್ಲಿ ಅಲೆಕ್ಸಾಂಡರ್ ಫಾನ್ ನಾರ್ಡ್‌ಮನ್ ಎಂಬಾತ ಬೆಳೆದ ಲರ್ನಿಯಾಗಳನ್ನಷ್ಟೇ ನೋಡುತ್ತ ಕೂರದೆ, ಅಂಥ ಪರಾವಲಂಬಿಗಳ ಮೊಟ್ಟೆ ಒಡೆದು ಬರುವ ಮರಿಗಳನ್ನು ನೋಡಿದ. ಅವು ಹುಳುವಿನ ಮರಿಗಳಾಗಿರಲಿಲ್ಲ. ಸೈಕ್ಲಾಪ್ಸಿನ ಮರಿ ಹೇಗಿರುತ್ತದೋ ಹಾಗೇ ಇದ್ದವು. ಎರಡು ವರ್ಷದ ಮುಂಚೆ, 1830ರಲ್ಲಿ, ಜಾನ್ ವಾನ್ ಥಾಮ್ಸನ್ ಅದೇ ಬಗೆಯಲ್ಲಿ ದೋಣಿಯ ತಳಕ್ಕೆ ಅಂಟುವ ಬಾರ್ನಕಲ್‌ಗಳ ಮರಿ ನೋಡಿ, ಚಿಪ್ಪಿನ ಜೀವಿ ಎಂದುಕೊಂಡಿದ್ದನ್ನು ಸೀಗಡಿಯ ಬಳಗಕ್ಕೆ ಸೇರಿಸಿದ್ದ. ಮೈ ಎಷ್ಟು ಬದಲಾದರೂ ಮರಿ ಸುಳ್ಳು ಹೇಳಲಿಲ್ಲ.

ನಮ್ಮ ಹನಿಯಲ್ಲಿದ್ದದ್ದು ಆ ಮರಿಯೇ, ನಾಪ್ಲಿಯಸ್. ದುಂಡಗಿನ ಮೈ, ನಡುವೆ ಒಂದೇ ಕಣ್ಣು, ಮೂರು ಜೊತೆ ಅಂಗ. ಮೊದಲ ಜೊತೆ ಮುಂದೆ ಮೀಸೆಯಾಗುತ್ತದೆ. ಎರಡನೆಯದು ಎರಡನೆಯ ಮೀಸೆ, ಕ್ಯಾಲಿಗಸ್ಸಿನಲ್ಲಿ ಅದೇ ಮೀನಿಗೆ ಚುಚ್ಚುವ ಕೊಕ್ಕೆ. ಮೂರನೆಯದು ದವಡೆ. ಈಗ ಮಾತ್ರ ಮೂರೂ ಈಜುವ ಕೆಲಸದಲ್ಲೇ ಇದ್ದವು. ಬಾಯಿಗೆ ಇನ್ನೂ ಕೆಲಸವಿಲ್ಲ, ತಾಯಿ ಕೊಟ್ಟ ಭಂಡಾರ ಮೈಯೊಳಗೇ ಇದೆ. ಕೆಲವು ದಿನ ಹೀಗೆ ಈಜಿ, ಪೊರೆ ಕಳಚಿ, ಮೀನೊಂದು ಸಿಕ್ಕರೆ ಮುಂದಿನ ಬದುಕು. ಸಿಗದಿದ್ದರೆ ಅಷ್ಟೇ.

ಹುಡುಗ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಜರ್ಕ್ ಜರ್ಕ್ ಅಂತ ಹೋಗ್ತಿದೆ ಅಜ್ಜಿ. ಹುಟ್ಟು ಹಾಕ್ತಿರೋ ಥರ.”

ನಾನು ಆ ಪದ ಹೇಳಿಕೊಟ್ಟಿರಲಿಲ್ಲ. ದೋಣಿ ಎಲ್ಲಿ ನೋಡಿದ್ದೀಯ ಎಂದು ಕೇಳಿದೆ. ರಂಗನತಿಟ್ಟಿನಲ್ಲಿ ಅಂದ.

ಕೆಳಗಿನಿಂದ ಅವನ ತಾಯಿ ಕೂಗಿದರು, “ಆಂಟಿ, ಅವನನ್ನ ಕಳಿಸಿ, ವ್ಯಾನ್ ಬಂತು!” ಅವನು ಇಳಿಯುವ ಮುಂಚೆ ಕೇಳಿದ, ಲೋಟದ ನೀರನ್ನು ಏನು ಮಾಡುವುದು ಎಂದು. ಮೋರಿಗೆ ಬೇಡ ಅಂದೆ, ಮೋರಿಯ ನೀರು ಯಾವುದಾದರೂ ಕೆರೆಗೆ ಸೇರಬಹುದು, ಅಲ್ಲಿ ಮೀನುಗಳಿವೆ. ದಾಸವಾಳದ ಕುಂಡದ ಒಣಮಣ್ಣಿಗೆ ಸುರಿಯೋಣ ಎಂದೆ. ತಲೆಯಾಡಿಸಿದ. ಎರಡು ಮೆಟ್ಟಿಲಿಳಿದವನು ತಿರುಗಿ ಬಂದು, ಚೀಲ ಬೆನ್ನ ಮೇಲಿದ್ದ ಹಾಗೆಯೇ ಕುರ್ಚಿ ಹತ್ತಿದ.

“ಸಂಜೆ ಸುರಿಯೋಣ ಅಜ್ಜಿ. ನಾನು ಬರೋವರೆಗೂ ಇರಲಿ.”

ಲೋಟದ ಮೇಲೊಂದು ತಟ್ಟೆ ಮುಚ್ಚಿ ನೆರಳಿಗೆ ಸರಿಸಿದೆ. ಅವನ ಮೀನು ಉಪ್ಪು ಬೆರೆಸಿದ ನೀರಿನಲ್ಲಿ ಈಗ ನೆಟ್ಟಗೆ ನಿಂತಿತ್ತು. ತುಂಡಾಗಿ ಒಳಗೇ ಉಳಿದ ಲಂಗರಿನ ಜಾಗದಲ್ಲಿ ಕೆಂಪು ಇನ್ನೂ ಆರಿರಲಿಲ್ಲ.